ಗಂಟು ಮತ್ತು ಗುಳ್ಳೆ

ಕನ್ನಡದಲ್ಲಿ ಗಂಟು ಎಂಬ ಒಂದು ಮಾತಿಗೆ ಎಷ್ಟೊಂದು ಕೆಲಸ! ತಾಳಿಗೆ ಹಾಕುವ ಮೂರು ಗಂಟು, ಹೆಂಗಸರು ಸೆರಗಿನ ತುದಿಯಲ್ಲಿ ಕಟ್ಟಿಕೊಳ್ಳುವ ಚಿಲ್ಲರೆ ಕಾಸಿನ ಗಂಟು, ಕಬ್ಬಿನ ಗಂಟು, ಬಿದಿರಿನ ಗಂಟು, ಸಿಟ್ಟು ಬಂದವರ ಹುಬ್ಬಿನ ಗಂಟು. ಬೇಡದ ಉಸಾಬರಿಗೆ ಹೋಗುವವರನ್ನು 'ನಿನ್ನ ಗಂಟೇನು ಹೋಗುತ್ತೆ' ಎಂದು ಗದರಿಸುವುದೂ ಇದೇ ಮಾತಿನಿಂದ. ಇಷ್ಟೆಲ್ಲ ಗಂಟುಗಳ ನಡುವೆ ಬಾಯಿ ಬಿಟ್ಟು ಹೇಳಲು ಹಿಂಜರಿಯುವ ಗಂಟು ಒಂದೇ. ಅದು ಮೈಮೇಲೆ, ಅದರಲ್ಲೂ ಹೆಂಗಸಿನ ಮೈಮೇಲೆ, ಏಳುವ ಗಂಟು.

ನಮ್ಮ ದೊಡ್ಡಮ್ಮ ಅಂಥದೊಂದು ಗಂಟನ್ನು ಎಂಟು ಹತ್ತು ತಿಂಗಳು ಸೆರಗಿನ ಮರೆಯಲ್ಲೇ ಇಟ್ಟುಕೊಂಡಿದ್ದರು. 1989ರ ಮಾತು. ದೇವರಿಗೆ ಹರಕೆ ಹೊತ್ತಿದ್ದರು, ಯಾರೋ ಹೇಳಿದ ಬೇರು ತೇಯ್ದು ಹಚ್ಚಿದ್ದರು. ಮನೆಯ ಗಂಡಸರಿಗೆ ಹೇಳುವುದು ಹೇಗೆ ಎಂಬ ನಾಚಿಕೆ, ಹೇಳಿದರೆ ಖರ್ಚು ಎಂಬ ಅಂಜಿಕೆ. ಕೊನೆಗೆ ಒಂದು ಮಧ್ಯಾಹ್ನ ಅಮ್ಮನ ಕೈ ಹಿಡಿದು ಅಲ್ಲಿ ಮುಟ್ಟಿಸಿ, "ತಂಗೀ, ಇದು ಜೀವ ಇರೋ ಗಂಟೋ, ಸುಮ್ಮನೆ ಕೂತ ಗಂಟೋ, ನೋಡೆ" ಎಂದು ಕೇಳಿದರಂತೆ. ಅಮ್ಮನಿಗೇನು ಗೊತ್ತು? ತಾಲ್ಲೂಕಿನ ವೈದ್ಯರು ಮುಟ್ಟಿ ನೋಡಿ ತಡಮಾಡದೆ ದೊಡ್ಡ ಊರಿಗೆ ಕಳಿಸಿದರು. ಅಷ್ಟು ಹೊತ್ತಿಗೆ ಅದು ಕಂಕುಳಿಗೂ ಹಬ್ಬಿತ್ತು. ಆಮೇಲೆ ದೊಡ್ಡಮ್ಮ ಬದುಕಿದ್ದು ಹದಿನಾಲ್ಕು ತಿಂಗಳು.

ಜೀವ ಇರುವ ಗಂಟೋ, ಸುಮ್ಮನೆ ಕೂತ ಗಂಟೋ? ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವಳು. ವೈದ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನನ್ನ ಅಕ್ಕನ ಮಗಳು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನಿಂಗ್ ಕೆಲಸ ಮಾಡುತ್ತಾಳೆ. ಒಮ್ಮೆ ರಜೆಗೆ ಬಂದವಳು ಜಗಲಿಯಲ್ಲಿ ಕೂತು ಹೇಳಿದಳು: "ಚಿಕ್ಕಮ್ಮ, ಈಗ ನಾವು ರಕ್ತದೊಳಕ್ಕೆ ಗುಳ್ಳೆ ಬಿಟ್ಟು, ಆ ಗುಳ್ಳೆ ಗಂಟಿನೊಳಗೆ ಎಲ್ಲೆಲ್ಲಿ ಓಡಾಡುತ್ತೆ ಅಂತ ನೋಡ್ತೀವಿ." ದೊಡ್ಡಮ್ಮ ಕೇಳಿದ್ದೂ ಇದನ್ನೇ ಅಲ್ಲವೇ ಎಂದುಕೊಂಡೆ. ಅಂದಿನಿಂದ ಈ ಗುಳ್ಳೆಗಳ ಚರಿತ್ರೆಯನ್ನು ಸಿಕ್ಕಿದಲ್ಲೆಲ್ಲ ಓದುತ್ತ ಬಂದೆ. ರಾಜರ ಪಟ್ಟಾಭಿಷೇಕ, ಯುದ್ಧ, ಒಪ್ಪಂದಗಳನ್ನು ವರ್ಷವಾರು ಹೇಳಿಕೊಡುವ ನನಗೆ ಇದೂ ಒಂದು ಚರಿತ್ರೆಯೇ ಅನ್ನಿಸಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಶಬ್ದದ ಮಾತು. ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ. ಅದಕ್ಕಿಂತ ಮೇಲಿನದು ಶ್ರವಣಾತೀತ. ಬಾವಲಿಗಳ ಲೋಕ ಅದು. ಇಟಲಿಯ ಪಾದ್ರಿ ಸ್ಪಲ್ಲಾಂಜಾನಿ 1790ರ ದಶಕದಲ್ಲೇ ಬಾವಲಿಗಳು ಕತ್ತಲಲ್ಲಿ ದಾರಿ ಕಾಣುವುದು ಕಣ್ಣಿನಿಂದಲ್ಲ, ಕಿವಿಯಿಂದ ಎಂದು ತೋರಿಸಿದ. ಆದರೆ ಆ ಕಿವಿಗೆ ಬೀಳುವುದೇನು ಎಂಬುದು ಒಗಟಾಗಿಯೇ ಉಳಿಯಿತು. 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ ಹುಟ್ಟುತ್ತದೆಂದು ಕಂಡುಹಿಡಿದರು. ಅದೇ ಹರಳಿಗೆ ವಿದ್ಯುತ್ ಕೊಟ್ಟರೆ ಅದು ನಡುಗುತ್ತದೆ, ಬೇಕಾದಷ್ಟು ವೇಗವಾಗಿ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳ ಕಾಟ ಹೆಚ್ಚಿದಾಗ ಪಾಲ್ ಲಾಂಜವೆ ಎಂಬ ಫ್ರೆಂಚ್ ವಿಜ್ಞಾನಿ ಇಂಥ ಹರಳಿನಿಂದ ನೀರಿನೊಳಕ್ಕೆ ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುವ ಉಪಾಯ ಮಾಡಿದ.

ಕೇಳದ ಶಬ್ದವನ್ನು ಕಾಣುವಂತೆ ಮಾಡುವ ಕೆಲಸದಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾಲಿದೆ. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಸಿ. ವಿ. ರಾಮನ್, ತಮ್ಮ ಶಿಷ್ಯ ನಾಗೇಂದ್ರನಾಥರ ಜತೆ 1935 ಮತ್ತು 1936ರಲ್ಲಿ ಸರಣಿಯಾಗಿ ಲೇಖನಗಳನ್ನು ಪ್ರಕಟಿಸಿದರು. ದ್ರವದಲ್ಲಿ ಶ್ರವಣಾತೀತ ಶಬ್ದ ಸಾಗುವಾಗ ಅದನ್ನು ಹಾದುಹೋಗುವ ಬೆಳಕು ಹೇಗೆ ಚದರುತ್ತದೆ ಎಂಬುದರ ಲೆಕ್ಕ ಅದು. ಇಂದಿಗೂ ಆ ಸಿದ್ಧಾಂತಕ್ಕೆ ರಾಮನ್-ನಾಥ್ ಎಂಬುದೇ ಹೆಸರು. ಅದು ಆಸ್ಪತ್ರೆಯ ದಾರಿಯಲ್ಲ, ಭೌತಶಾಸ್ತ್ರದ ಪಕ್ಕದ ದಾರಿ. ಆದರೂ ಸ್ಕ್ಯಾನಿಂಗ್ ಎಂದರೆ ಪೂರ್ತಿ ಹೊರದೇಶದ ಮಾತು ಎಂದುಕೊಳ್ಳುವ ನಮ್ಮ ಮಕ್ಕಳಿಗೆ ಇದನ್ನು ಹೇಳಬೇಕು ಎಂದು ನನಗೆ ಅನ್ನಿಸುತ್ತದೆ.

ಮನುಷ್ಯನ ಮೈಯೊಳಗೆ ಈ ಶಬ್ದವನ್ನು ಕಳಿಸಿ ರೋಗ ನೋಡಲು ಮೊದಲು ಹೊರಟವರಲ್ಲಿ ಒಬ್ಬ ಆಸ್ಟ್ರಿಯಾದ ವೈದ್ಯ ಕಾರ್ಲ್ ಡುಸಿಕ್. 1942ರಲ್ಲಿ ಆತ ಮಿದುಳಿನ ಚಿತ್ರ ಸಿಕ್ಕಿತೆಂದು ಪ್ರಕಟಿಸಿದ. ಆ ಚಿತ್ರದಲ್ಲಿದ್ದದ್ದು ಬಹುಪಾಲು ತಲೆಬುರುಡೆಯ ಮೂಳೆಯದೇ ಕೈವಾಡ ಎಂದು ಆಮೇಲೆ ತಿಳಿಯಿತು. ಶಬ್ದಕ್ಕೆ ಮೂಳೆ ದೊಡ್ಡ ಅಡ್ಡಗೋಡೆ. ಹಾಗಾದರೆ ಮೂಳೆಯ ಅಡ್ಡಿಯಿಲ್ಲದ, ಚರ್ಮಕ್ಕೆ ಹತ್ತಿರದ ಜಾಗ ಯಾವುದು? ಎದೆ, ಕತ್ತು, ಕಂಕುಳು. ಅಂದರೆ ದೊಡ್ಡಮ್ಮನಂಥವರು ಗಂಟನ್ನು ಬಚ್ಚಿಡುವ ಜಾಗಗಳೇ.

ಅಲ್ಲಿಗೆ ಬಂದವನು ಜಾನ್ ವೈಲ್ಡ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ, ಸ್ಫೋಟದ ಏಟಿಗೆ ಕರುಳು ಉಬ್ಬಿ ಬರುತ್ತಿದ್ದ ಗಾಯಾಳುಗಳನ್ನು ಆತ ನೋಡಿದ್ದ. ಉಬ್ಬಿದ ಕರುಳಿನ ಗೋಡೆ ಎಷ್ಟು ದಪ್ಪ ಇದೆ ಎಂದು ಹೊಟ್ಟೆ ಕೊಯ್ಯದೆ ಅಳೆಯುವುದು ಹೇಗೆ ಎಂಬ ಚಿಂತೆ ಅವನನ್ನು ಹಿಡಿದಿತ್ತು. ಯುದ್ಧ ಮುಗಿದ ಮೇಲೆ ಅಮೆರಿಕದ ಮಿನಿಯಾಪೊಲಿಸ್ ನಗರಕ್ಕೆ ಹೋದ. ಅಲ್ಲಿ ನೌಕಾಪಡೆಯ ವಿಮಾನ ಚಾಲಕರಿಗೆ ರೇಡಾರ್ ಕಲಿಸಲೆಂದು ಇಟ್ಟಿದ್ದ ಒಂದು ಶ್ರವಣಾತೀತ ಯಂತ್ರವಿತ್ತು. ಸೆಕೆಂಡಿಗೆ 1.5 ಕೋಟಿ ಕಂಪನಗಳ ಯಂತ್ರ. ಅದರಲ್ಲಿ ಕರುಳಿನ ತುಂಡುಗಳನ್ನು ಇಟ್ಟು ನೋಡಿದ. ದಪ್ಪ ಅಳೆಯಲು ಹೋದವನಿಗೆ ಇನ್ನೊಂದು ಸಂಗತಿ ಕಾಣಿಸಿತು: ಗೆಡ್ಡೆಯ ಮಾಂಸದಿಂದ ಬರುವ ಪ್ರತಿಧ್ವನಿ ಒಳ್ಳೆಯ ಮಾಂಸದ್ದರಂತಿಲ್ಲ. 1950ರಲ್ಲಿ ಅದನ್ನು ಪ್ರಕಟಿಸಿದ. ಮುಂದೆ ಜಾನ್ ರೀಡ್ ಎಂಬ ಎಂಜಿನಿಯರನ ಜತೆ ಸೇರಿ ಹೆಂಗಸರ ಎದೆಯ ಗಂಟುಗಳನ್ನು ಹೊರಗಿನಿಂದಲೇ ನೋಡುವ ಕೈಯಂತ್ರ ಮಾಡಿದ. 1991ರಲ್ಲಿ ಜಪಾನ್ ದೇಶದ ದೊಡ್ಡ ಪ್ರಶಸ್ತಿ ಅವನಿಗೆ ಬಂತು. ಆ ಹೊತ್ತಿಗೆ ವಯಸ್ಸು ಎಪ್ಪತ್ತು ದಾಟಿತ್ತು.

ಅತ್ತ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯನ್ ಡೊನಾಲ್ಡ್ ಎಂಬ ಹೆರಿಗೆ ವೈದ್ಯ ಇನ್ನೊಂದು ಪ್ರಯೋಗ ಮಾಡಿದ. ಬಾಯ್ಲರ್ ತಯಾರಿಸುವ ಕಾರ್ಖಾನೆಯಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವಿತ್ತು. 1955ರ ಜುಲೈಯಲ್ಲಿ ಆತ ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಗಳನ್ನೂ ನೀರುಗುಳ್ಳೆಗಳನ್ನೂ ಕಾರಿನಲ್ಲಿ ತುಂಬಿಕೊಂಡು ಆ ಕಾರ್ಖಾನೆಗೆ ಹೋದ. ಹೋಲಿಸಿ ನೋಡಲು ಕಾರ್ಖಾನೆಯವರು ದನದ ಮಾಂಸದ ದೊಡ್ಡದೊಂದು ತುಂಡು ತಂದಿಟ್ಟಿದ್ದರು. ಮೂರು ವರ್ಷದ ಬಳಿಕ, 1958ರಲ್ಲಿ, ಆತ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಒಬ್ಬ ಹೆಂಗಸಿನ ಸಂಗತಿ ಬರುತ್ತದೆ. ಗುಣವಾಗದ ಹೊಟ್ಟೆಯ ಕ್ಯಾನ್ಸರ್ ಎಂದು ಆಕೆಯ ಮೇಲಿನ ಆಸೆ ಬಿಡಲಾಗಿತ್ತು. ಯಂತ್ರ ಇಟ್ಟು ನೋಡಿದರೆ ಒಳಗಿದ್ದದ್ದು ಅಂಡಾಶಯದ ದೊಡ್ಡ ನೀರುಗುಳ್ಳೆ. ತೆಗೆದರು, ಆಕೆ ಬದುಕಿದಳು. ಆ ಹೆಂಗಸು ಯಾರೋ ನನಗೆ ತಿಳಿಯದು. ಆದರೆ ಸ್ಕ್ಯಾನಿಂಗಿನ ಚರಿತ್ರೆ ಓದುವಾಗಲೆಲ್ಲ ಆಕೆ ಮನೆಗೆ ಹಿಂದಿರುಗಿ ಒಲೆಯ ಮುಂದೆ ಕೂತಿರಬಹುದಾದ ಸಂಜೆಯನ್ನು ನೆನೆಯುತ್ತೇನೆ.

ಹೀಗೆ ಗಂಟಿನ ಆಕಾರ ಕಂಡಿತು, ಅದು ನೀರೋ ಮಾಂಸವೋ ತಿಳಿಯಿತು. ಜೀವ ಇದೆಯೋ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಅದಕ್ಕೊಂದು ರೂಪ ಕೊಟ್ಟವನು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್. 1960ರ ದಶಕದಲ್ಲಿ ಆತ ನೌಕಾಪಡೆಯ ಪ್ರಯೋಗಶಾಲೆಯಲ್ಲಿದ್ದಾಗ, ಪ್ರಾಣಿಯ ಥೈರಾಯ್ಡ್ ಗ್ರಂಥಿಯನ್ನು ಮೈಯಿಂದ ಹೊರಗೆ ಗಾಜಿನ ಪಾತ್ರೆಯಲ್ಲಿ ಜೀವಂತ ಇಟ್ಟು ಅದರಲ್ಲಿ ಕ್ಯಾನ್ಸರ್ ಕಣ ಬಿತ್ತಿದ. ಗೆಡ್ಡೆ ಸಣ್ಣ ಚುಕ್ಕೆಯಷ್ಟು ಬೆಳೆದು ನಿಂತುಬಿಡುತ್ತಿತ್ತು. ಅದನ್ನೇ ಪ್ರಾಣಿಯ ಮೈಗೆ ಹಾಕಿದರೆ ದೊಡ್ಡದಾಗುತ್ತಿತ್ತು. ವ್ಯತ್ಯಾಸ ಏನು? ಮೈಯೊಳಗೆ ಗೆಡ್ಡೆಗೆ ಹೊಸ ರಕ್ತನಾಳಗಳು ಚಿಗುರುತ್ತಿದ್ದವು. 1971ರಲ್ಲಿ ಫೋಕ್‌ಮನ್ ಬರೆದ: ರಕ್ತನಾಳಗಳನ್ನು ತನ್ನತ್ತ ಕರೆದುಕೊಳ್ಳದ ಗೆಡ್ಡೆ ಒಂದೆರಡು ಮಿಲಿಮೀಟರ್ ಮೀರಿ ಬೆಳೆಯಲಾರದು. ಹೊಲಕ್ಕೆ ಕಾಲುವೆ ತೋಡಿ ನೀರು ತಿರುಗಿಸಿಕೊಳ್ಳುವ ಹಾಗೆ ಅದು ನೆತ್ತರನ್ನು ತಿರುಗಿಸಿಕೊಳ್ಳುತ್ತದೆ. ಮೊದಲು ಬಹಳ ಜನ ನಂಬಲಿಲ್ಲ. ಆ ಕಾಲುವೆಯನ್ನೇ ಕಟ್ಟುವ ಮೊದಲ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ. ಅಲ್ಲಿಗೆ ಮೂವತ್ತಮೂರು ವರ್ಷ.

ಹಾಗಾದರೆ ಗಂಟಿನೊಳಗಿನ ನೆತ್ತರಿನ ಓಟ ನೋಡುವುದು ಹೇಗೆ? ಮೊದಲು ಕೈಗೆ ಬಂದದ್ದು ಡಾಪ್ಲರ್. ಬಸ್ಸು ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿ ಹೋಗುವಾಗ ಹತ್ತಿರ ಬರುವಷ್ಟು ಹೊತ್ತು ಸ್ವರ ಏರಿದ್ದು, ದಾಟಿದ ಕೂಡಲೇ ಇಳಿಯುತ್ತದಲ್ಲ, ಅದೇ. 1842ರಲ್ಲಿ ಪ್ರಾಗ್ ನಗರದಲ್ಲಿ ಕ್ರಿಶ್ಚಿಯನ್ ಡಾಪ್ಲರ್ ನಕ್ಷತ್ರಗಳ ಬಣ್ಣದ ಸಲುವಾಗಿ ಇದನ್ನು ಹೇಳಿದ. 1845ರಲ್ಲಿ ಹಾಲೆಂಡಿನಲ್ಲಿ ರೈಲಿನ ಮೇಲೆ ತುತ್ತೂರಿ ಊದುವವರನ್ನು ಕೂರಿಸಿ ಓಡಿಸಿ ಇದು ನಿಜವೇ ಎಂದು ಪರೀಕ್ಷೆ ಮಾಡಿದರು. 1950ರ ದಶಕದಲ್ಲಿ ಜಪಾನಿನ ಒಸಾಕಾದಲ್ಲಿ ಸತೋಮುರಾ ಎಂಬಾತ ಅದನ್ನು ಹೃದಯದ ಬಡಿತಕ್ಕೂ ರಕ್ತದ ಓಟಕ್ಕೂ ಹಚ್ಚಿದ. 1977ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ವೆಲ್ಸ್ ಮತ್ತು ಸಂಗಡಿಗರು ಎದೆಯ ಗೆಡ್ಡೆಗಳಿಂದ ಬರುವ ಇಂಥ ಸ್ವರವನ್ನು ಹಿಡಿದು ವರದಿ ಮಾಡಿದರು.

ಆದರೆ ಡಾಪ್ಲರಿಗೆ ಒಂದು ಮಿತಿ ಇದೆ. ಹೊಳೆ ಕಾಣುತ್ತದೆ, ಬಸಿಗಾಲುವೆ ಕಾಣುವುದಿಲ್ಲ. ಗೆಡ್ಡೆಗೆ ಉಣಿಸುವ ಎಳೆಯ ನಾಳಗಳು ಕೂದಲಿಗಿಂತ ಸಣ್ಣ. ಅಲ್ಲಿ ರಕ್ತ ಜಿನುಗುವಷ್ಟೇ ನಿಧಾನ. ಉಸಿರಾಟಕ್ಕೆ ಮೈ ಅಲುಗುವುದೇ ಅದಕ್ಕಿಂತ ಹೆಚ್ಚು. ಅಲುಗುವ ಮಾಂಸದ ಗದ್ದಲದಲ್ಲಿ ಜಿನುಗುವ ರಕ್ತದ ಪಿಸುಮಾತು ಮುಳುಗಿಹೋಗುತ್ತದೆ. ಸಾಲದ್ದಕ್ಕೆ ಕೆಂಪುರಕ್ತಕಣಗಳಿಂದ ಬರುವ ಪ್ರತಿಧ್ವನಿಯೇ ಬಲು ಸಣ್ಣದು. ರಕ್ತ ತಾನಾಗಿ ಮಾತಾಡದು. ಮಾತಾಡುವ ಯಾವುದನ್ನಾದರೂ ಅದರೊಳಗೆ ಬಿಡಬೇಕು.

ಇಲ್ಲಿ ಗುಳ್ಳೆ ಬರುತ್ತದೆ. ಹಳ್ಳ ಜುಳುಜುಳು ಎನ್ನುವುದು ಏಕೆ ಎಂದು ನಾವು ಯಾರೂ ಕೇಳುವುದಿಲ್ಲ. ಹಾಲೆಂಡಿನಲ್ಲಿದ್ದ ಮಿನ್ನಾರ್ಟ್ ಎಂಬ ಖಗೋಳಜ್ಞ ಕೇಳಿದ. ನಕ್ಷತ್ರ ನೋಡುವವನಿಗೆ ಹಳ್ಳದ ಮೇಲೂ ಕಣ್ಣು. 1933ರಲ್ಲಿ ಆತ ಲೆಕ್ಕ ಹಾಕಿ ತೋರಿಸಿದ: ನೀರು ಹಾಡುವುದು ಅದರೊಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳಿಂದ. ಗುಳ್ಳೆ ಕುಗ್ಗುತ್ತದೆ, ಹಿಗ್ಗುತ್ತದೆ. ಪ್ರತಿ ಗಾತ್ರದ ಗುಳ್ಳೆಗೂ ಒಂದು ಸ್ವಂತ ಸ್ವರ. ದೊಡ್ಡ ಗುಳ್ಳೆಗೆ ತಗ್ಗಿನ ಸ್ವರ, ಸಣ್ಣ ಗುಳ್ಳೆಗೆ ಏರಿದ ಸ್ವರ. ಈ ಲೆಕ್ಕವನ್ನು ಹಾಗೇ ಕೆಳಕ್ಕೆ ಎಳೆದುಕೊಂಡು ಹೋದರೆ, ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟು ಸಣ್ಣ ಗುಳ್ಳೆಯ ಸ್ವರ ಸೆಕೆಂಡಿಗೆ ಕೆಲವು ಹತ್ತು ಲಕ್ಷ ಕಂಪನಗಳಿಗೆ ಬಂದು ನಿಲ್ಲುತ್ತದೆ. ವೈದ್ಯರ ಸ್ಕ್ಯಾನಿಂಗ್ ಯಂತ್ರ ಕೆಲಸ ಮಾಡುವುದೂ ಅದೇ ಮಟ್ಟದಲ್ಲಿ. ಲೋಮನಾಳದೊಳಗೆ ನುಸುಳುವಷ್ಟು ಸಣ್ಣ ಗುಳ್ಳೆಯ ಸ್ವರವೂ ವೈದ್ಯರ ಯಂತ್ರದ ಸ್ವರವೂ ಹೀಗೆ ಕೂಡಿ ಬಂದದ್ದು ಯಾರೂ ಯೋಜಿಸಿದ್ದಲ್ಲ.

ರಕ್ತದಲ್ಲಿ ಈ ಗುಳ್ಳೆಗಳು ಮೊದಲು ಕಂಡದ್ದೂ ಯೋಜನೆಯಿಂದಲ್ಲ. ಅಮೆರಿಕದ ರಾಚೆಸ್ಟರ್ ಊರಿನಲ್ಲಿ ಗ್ರಾಮಿಯಾಕ್ ಮತ್ತು ಪ್ರವೀಣ್ ಶಾ ಎಂಬ ಇಬ್ಬರು ವೈದ್ಯರು ಹೃದ್ರೋಗಿಗಳ ರಕ್ತದ ಹರಿವು ಅಳೆಯಲು ಹಸಿರು ಬಣ್ಣವೊಂದನ್ನು ಚುಚ್ಚುತ್ತಿದ್ದರು. ಜತೆಗೇ ಅಲ್ಟ್ರಾಸೌಂಡಿನಲ್ಲಿ ಮಹಾಧಮನಿಯ ಬುಡವನ್ನು ನೋಡುತ್ತಿದ್ದರು. ಬಣ್ಣ ಚುಚ್ಚಿದಾಗಲೆಲ್ಲ ತೆರೆಯ ಮೇಲೆ ಒಂದು ಮೋಡ ಕವಿಯುತ್ತಿತ್ತು. 1968ರಲ್ಲಿ ಅದನ್ನು ಪ್ರಕಟಿಸಿದರು. ಆಮೇಲೆ ನೋಡಿದರೆ ಮೋಡ ಬಣ್ಣದ್ದಲ್ಲ, ಚುಚ್ಚುವಾಗ ಹುಟ್ಟುವ ಸಣ್ಣ ಗಾಳಿಗುಳ್ಳೆಗಳದ್ದು. ಉಪ್ಪುನೀರನ್ನೇ ಚೆನ್ನಾಗಿ ಕುಲುಕಿ ಚುಚ್ಚಿದರೂ ಅದೇ ಮೋಡ. ಇನ್ನೊಬ್ಬರಾಗಿದ್ದರೆ ಚಿತ್ರ ಕೆಟ್ಟಿತೆಂದು ಬೈದು ಯಂತ್ರ ಒರೆಸುತ್ತಿದ್ದರೋ ಏನೋ. ಇವರು ಕೆಟ್ಟದ್ದನ್ನೇ ಬರೆದಿಟ್ಟರು. ಚರಿತ್ರೆ ಹೇಳುವವಳಾಗಿ ನನಗೆ ಬಹಳ ಹಿಡಿಸಿದ ಘಳಿಗೆ ಇದು.

ಆದರೆ ಕುಲುಕಿದ ಗುಳ್ಳೆಯ ಆಯುಸ್ಸು ಗಳಿಗೆಯದು. ಕೈಯ ರಕ್ತನಾಳದಲ್ಲಿ ಚುಚ್ಚಿದ್ದು ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ, ಅಲ್ಲೇ ಕರಗಿಹೋಗುತ್ತಿತ್ತು. ಅದನ್ನು ದಾಟಿಸಿ ಮೈಯೆಲ್ಲ ಸುತ್ತಿಸಬೇಕಾದರೆ ಗುಳ್ಳೆಗೆ ಒಂದು ಅಂಗಿ ತೊಡಿಸಬೇಕಿತ್ತು. 1984ರಲ್ಲಿ ಫೈನ್‌ಸ್ಟೈನ್ ಮತ್ತು ಸಂಗಡಿಗರು ಅಲ್ಬುಮಿನ್ ಎಂಬ ರಕ್ತದ ಪ್ರೋಟೀನಿನಲ್ಲಿ ಶ್ರವಣಾತೀತ ಶಬ್ದದಿಂದಲೇ ಗುಳ್ಳೆ ಎಬ್ಬಿಸಿ ಅಂಥ ಅಂಗಿ ಮಾಡಿದರು. ಅದರಿಂದ ಬಂದ ಆಲ್ಬುನೆಕ್ಸ್ ಎಂಬ ಔಷಧಕ್ಕೆ 1994ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಜರ್ಮನಿಯವರು ಹಾಲಿನ ಸಕ್ಕರೆಯಿಂದ ಬರುವ ಗ್ಯಾಲಕ್ಟೋಸಿನ ಹರಳುಗಳಿಗೆ ಗಾಳಿ ಅಂಟಿಸಿ ಇನ್ನೊಂದು ಬಗೆ ಮಾಡಿದರು. ಆಮೇಲೆ ಗಾಳಿಯನ್ನೇ ಬದಲಿಸಿದರು. ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಭಾರದ ಅನಿಲ ರಕ್ತದಲ್ಲಿ ಅಷ್ಟು ಸುಲಭವಾಗಿ ಕರಗದು. ವಿದ್ಯುತ್ ಕೇಂದ್ರಗಳ ಸ್ವಿಚ್ಚುಗಳಲ್ಲಿ ತುಂಬುವ ಅನಿಲವೇ ಅದು. ಅದಕ್ಕೆ ಕೊಬ್ಬಿನ ಜಾತಿಯ ತೆಳ್ಳನೆಯ ಪೊರೆ ಹೊದಿಸಿದ ಸೋನೋವ್ಯೂ ಎಂಬ ಔಷಧ 2001ರಲ್ಲಿ ಯುರೋಪಿಗೆ ಬಂತು. ಅದರ ಗುಳ್ಳೆಯ ಸರಾಸರಿ ಅಡ್ಡಳತೆ ಎರಡೂವರೆ ಮೈಕ್ರಾನ್. ಕೆಂಪುರಕ್ತಕಣ ಸುಮಾರು ಏಳು ಮೈಕ್ರಾನ್. ಆದ್ದರಿಂದ ಕಣ ನುಗ್ಗುವಲ್ಲೆಲ್ಲ ಗುಳ್ಳೆಯೂ ನುಗ್ಗುತ್ತದೆ. ಆದರೆ ನಾಳದ ಗೋಡೆ ದಾಟಿ ಹೊರಗೆ ಸೋರುವುದಿಲ್ಲ. ಕೆಲಸ ಮುಗಿದ ಮೇಲೆ ಅನಿಲ ಉಸಿರಿನಲ್ಲಿ ಹೊರಟುಹೋಗುತ್ತದೆ, ಮೂತ್ರಪಿಂಡಕ್ಕೆ ಹೊರೆಯಿಲ್ಲ.

ಇನ್ನು ನಮ್ಮ ಹುಡುಗಿ ಹೇಳಿದ ಕೆಲಸದ ಕ್ರಮ. ಮೊದಲು ಮಾಮೂಲಿನಂತೆ ಗಂಟನ್ನು ನೋಡಿಕೊಳ್ಳುತ್ತಾರೆ. ಆಮೇಲೆ ಕೈಯ ನಾಳಕ್ಕೆ ಚಹಾ ಚಮಚ ತುಂಬದಷ್ಟು ಬಿಳಿಯ ದ್ರವ ಚುಚ್ಚಿ, ಹಿಂದೆಯೇ ಉಪ್ಪುನೀರು ಬಿಡುತ್ತಾರೆ. ಯಂತ್ರದ ಬಲವನ್ನು ಬಹಳ ತಗ್ಗಿಸಿರುತ್ತಾರೆ, ಇಲ್ಲದಿದ್ದರೆ ಗುಳ್ಳೆ ಒಡೆದುಹೋಗುತ್ತದೆ. ಮೆಲ್ಲಗೆ ತಟ್ಟಿದ ಮಾಂಸ ತಟ್ಟಿದ ಸ್ವರದಲ್ಲೇ ಉತ್ತರ ಕೊಡುತ್ತದೆ. ಗುಳ್ಳೆ ಮಾತ್ರ ಹಿಗ್ಗುವುದೂ ಕುಗ್ಗುವುದೂ ಒಂದೇ ಸಮ ಇರದ ಕಾರಣ ಬೇರೆ ಸ್ವರಗಳನ್ನೂ ಸೇರಿಸಿ ಉತ್ತರಿಸುತ್ತದೆ. ಯಂತ್ರ ಮಾಂಸದ ಉತ್ತರವನ್ನು ಕಳೆದು ಗುಳ್ಳೆಯ ಉತ್ತರವನ್ನಷ್ಟೇ ತೆರೆಗೆ ತರುತ್ತದೆ. ಕತ್ತಲಾದ ತೆರೆಯ ಮೇಲೆ ಕೆಲವೇ ಸೆಕೆಂಡುಗಳಲ್ಲಿ ಬೆಳ್ಳಿಯ ಎಳೆಗಳು ಬಂದು ಗಂಟಿನೊಳಕ್ಕೆ ಹರಿಯುತ್ತವಂತೆ. ಎಷ್ಟು ಬೇಗ ತುಂಬಿತು, ಎಷ್ಟು ಬೆಳಗಿತು, ಎಷ್ಟು ಬೇಗ ಖಾಲಿಯಾಯಿತು, ಇದನ್ನೆಲ್ಲ ಗೆರೆಯಾಗಿ ಎಳೆದುಕೊಳ್ಳುತ್ತಾರೆ. ಇನ್ನೊಂದು ಉಪಾಯವೂ ಉಂಟು. ಬೇಕೆಂದೇ ಜೋರು ಶಬ್ದ ಕೊಟ್ಟು ಆ ಜಾಗದ ಗುಳ್ಳೆಗಳನ್ನೆಲ್ಲ ಒಡೆದು, ಮತ್ತೆ ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಎಣಿಸುವುದು. ಬಾವಿಯ ನೀರೆಲ್ಲ ಮೊಗೆದು ಊಟೆ ಎಷ್ಟಿದೆ ಎಂದು ನೋಡುವ ಹಾಗೆ. 1998ರಲ್ಲಿ ವೈ ಮತ್ತು ಸಂಜೀವ್ ಕೌಲ್ ಮೊದಲಾದವರು ಹೃದಯದ ಮಾಂಸಕ್ಕೆ ಹಚ್ಚಿ ತೋರಿಸಿದ ಕ್ರಮ ಇದು. ಆಮೇಲೆ ಗೆಡ್ಡೆಗಳಿಗೂ ಬಂತು.

ಚರ್ಮಕ್ಕೆ ಹತ್ತಿರದ ಗಂಟು ಎಂದರೆ ನೋಡುವುದು ಸುಲಭ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಹತ್ತಿರದ ವಸ್ತುವನ್ನು ನವಿರಾಗಿ ನೋಡಲು ಏರಿದ ಸ್ವರದ ಯಂತ್ರ ಬೇಕು. ಗುಳ್ಳೆಗಳು ಚೆನ್ನಾಗಿ ಹಾಡುವುದು ತಗ್ಗಿನ ಸ್ವರಕ್ಕೆ. ಅದಕ್ಕೇ ಪಿತ್ತಕೋಶದ ಬಳಿಯ ಯಕೃತ್ತಿಗೆ ಸಾಕಾಗುವುದಕ್ಕಿಂತ ಹೆಚ್ಚು ದ್ರವ ಎದೆಯ ಗಂಟಿಗೆ ಬೇಕಾಗುವುದುಂಟು. ಇನ್ನೊಂದು ಮಾತನ್ನು ಅವಳು ಒತ್ತಿ ಹೇಳಿದಳು: "ಕೈ ಒತ್ತಲೇಬಾರದು ಚಿಕ್ಕಮ್ಮ. ಗಂಟು ಮೇಲೇ ಇರುತ್ತಲ್ಲ, ಸ್ವಲ್ಪ ಒತ್ತಿದರೂ ಸಣ್ಣ ನಾಳ ಮುಚ್ಚಿಹೋಗಿ ರಕ್ತವೇ ಇಲ್ಲ ಅನ್ನಿಸಿಬಿಡುತ್ತೆ." ಕಾಲಕಾಲಕ್ಕೂ ವೈದ್ಯರು ಗಂಟನ್ನು ಒತ್ತಿ ಒತ್ತಿಯೇ ನೋಡಿದ್ದು. ಇಲ್ಲಿ ಒತ್ತಿದರೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ.

ಹಾಗಾದರೆ ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಅರ್ಧ ಸಿಕ್ಕಿತು. ಕತ್ತಿನ ಅಥವಾ ಕಂಕುಳಿನ ದುಗ್ಧಗ್ರಂಥಿ ಆರೋಗ್ಯವಾಗಿದ್ದರೆ ರಕ್ತ ಅದರ ಬಾಗಿಲಿನಿಂದ ಒಳಹೊಕ್ಕು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಕ್ಯಾನ್ಸರ್ ಬಂದು ಕೂತಿದ್ದರೆ ಅಂಚುಗಳಿಂದ ಅಡ್ಡಾದಿಡ್ಡಿ ನುಗ್ಗಬಹುದು, ನಡುನಡುವೆ ಗುಳ್ಳೆಯೇ ಹೋಗದ ಕರಿ ಜಾಗ ಉಳಿಯಬಹುದು. ಎದೆಯ ಕೆಟ್ಟ ಗೆಡ್ಡೆ ಎಷ್ಟೋ ಸಲ ಮಾಮೂಲು ಚಿತ್ರದಲ್ಲಿ ಕಂಡದ್ದಕ್ಕಿಂತ ದೊಡ್ಡದಾಗಿ ಬೆಳಗುತ್ತದೆ, ಏಕೆಂದರೆ ಅದರ ಕಾಲುವೆಗಳು ಬೇಲಿ ದಾಟಿ ಹೋಗಿರುತ್ತವೆ. ಆದರೆ ಹರೆಯದ ಹುಡುಗಿಯರ ಎದೆಯಲ್ಲಿ ಏಳುವ ನಿರಪಾಯದ ಗಂಟೂ ರಕ್ತ ಕುಡಿದು ಬೆಳಗಬಹುದು. ಕೀವಿನ ಉರಿಯಿರುವ ಗಂಟೂ ಬೆಳಗುತ್ತದೆ. ಅಲ್ಲಿ ರಕ್ತ ಇದೆ ಎಂದು ಗುಳ್ಳೆ ಹೇಳುತ್ತದೆ. ಅದನ್ನು ಕುಡಿಯುತ್ತಿರುವವರು ಯಾರು ಎಂದು ಹೇಳಲಾರದು. ಅದನ್ನು ಹೇಳುವುದು ಇಂದಿಗೂ ಬಯಾಪ್ಸಿಯ ಸೂಜಿ, ಸೂಜಿ ತಂದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕಣ್ಣು. ಗುಳ್ಳೆ ಸೂಜಿಗೆ ದಾರಿ ತೋರಿಸಬಲ್ಲದು. ದೊಡ್ಡ ಗೆಡ್ಡೆಗಳ ಒಳಭಾಗ ರಕ್ತ ಸಾಲದೆ ಸತ್ತಿರುತ್ತದೆ. ಸೂಜಿ ಅಲ್ಲಿಗೆ ಹೋದರೆ ಬರುವುದು ಸತ್ತ ಮಾಂಸ. ಜೀವ ಇರುವ ಅಂಚು ಯಾವುದೆಂದು ಗುಳ್ಳೆ ತೋರಿಸಿದರೆ ಸೂಜಿ ಅಲ್ಲಿಗೆ ಹೋಗುತ್ತದೆ.

ಮದ್ದು ನಾಟುತ್ತಿದೆಯೇ ಎಂದು ನೋಡಲೂ ಇದು ಬರುತ್ತದೆ. ಕಾಲುವೆ ಕಟ್ಟುವ ಔಷಧಗಳು ಬಂದ ಮೇಲೆ, ಗಂಟಿನ ಗಾತ್ರ ಕುಗ್ಗುವ ಮೊದಲೇ ಅದರ ರಕ್ತ ಕಡಿಮೆಯಾಗುತ್ತದೆ ಎಂಬುದು ತಿಳಿಯಿತು. ಪ್ಯಾರಿಸ್ಸಿನ ಬಳಿಯ ಗುಸ್ತಾವ್ ರೂಸಿ ಸಂಸ್ಥೆಯ ನತಾಲಿ ಲಸ್ಸೋ ಮುಂದಾಗಿ ಫ್ರಾನ್ಸಿನ ಹಲವು ಆಸ್ಪತ್ರೆಗಳ 539 ರೋಗಿಗಳನ್ನು ನೋಡಿ 2014ರಲ್ಲಿ ಪ್ರಕಟಿಸಿದರು: ಮದ್ದು ಶುರುವಾದ ಒಂದು ತಿಂಗಳಿಗೆ ಗುಳ್ಳೆಯ ಗೆರೆ ಎಷ್ಟು ಇಳಿದಿದೆ ಎಂಬುದಕ್ಕೂ ರೋಗಿಯ ಮುಂದಿನ ದಿನಗಳಿಗೂ ಸಂಬಂಧವಿದೆ.

ಎಲ್ಲವೂ ಹೂವಿನ ಹಾಸಿಗೆಯಾಗಿರಲಿಲ್ಲ. ಈ ಚುಚ್ಚುಮದ್ದಿನ ಬಳಿಕ ಕೆಲವು ಹೃದ್ರೋಗಿಗಳು ತೀರಿಕೊಂಡ ವರದಿ ಬಂದು, 2007ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಕಟ್ಟೆಚ್ಚರಿಕೆ ಹೊರಡಿಸಿದರು. ಹೆಚ್ಚಿನ ರೋಗಿಗಳನ್ನು ನೋಡಿದ ಮೇಲೆ, 2008ರಲ್ಲಿ, ಅದನ್ನು ಸಡಿಲಿಸಿದರು. ಅಲರ್ಜಿಯ ದೊಡ್ಡ ಆಘಾತ ಸುಮಾರು ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗಬಹುದು ಎಂಬ ಲೆಕ್ಕವಿದೆ. ಹಾಗಾಗಿ ಚುಚ್ಚುವ ಜಾಗದಲ್ಲಿ ಅದಕ್ಕೆ ಬೇಕಾದ ಮದ್ದನ್ನೂ ಸಿದ್ಧವಾಗಿ ಇಟ್ಟಿರುತ್ತಾರೆ.

ನಮ್ಮಲ್ಲಿ ಸ್ಕ್ಯಾನಿಂಗ್ ಎಂದ ಕೂಡಲೇ ಹೆಂಗಸರಿಗೆ ನೆನಪಾಗುವುದು ಗೋಡೆಯ ಮೇಲಿನ ಫಲಕ: ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ. 1994ರ ಕಾಯಿದೆಯಿಂದ ಬಂದದ್ದು ಅದು. ಹೊಟ್ಟೆಯಲ್ಲಿರುವುದು ಹೆಣ್ಣೇ ಎಂದು ನೋಡಲು ನಾವು ಅದೇ ಯಂತ್ರದ ಬಳಿ ಎಷ್ಟು ಆತುರದಿಂದ ಓಡಿದೆವು ಎಂಬುದಕ್ಕೆ ಆ ಫಲಕವೇ ಸಾಕ್ಷಿ. ಅದೇ ಹೆಣ್ಣಿನ ಎದೆಯ ಗಂಟನ್ನು ನೋಡಿಸಲು ಅಷ್ಟು ಆತುರ ಯಾವ ಮನೆಯಲ್ಲಿ ಕಂಡಿದ್ದೇವೆ? ಯಂತ್ರದ ಚರಿತ್ರೆಯ ಜತೆಗೆ ಈ ಚರಿತ್ರೆಯನ್ನೂ ಬರೆಯಬೇಕು.

ವಿಜ್ಞಾನದ ಮೇಷ್ಟ್ರು ರಜೆ ಹಾಕಿದ ಒಂದು ದಿನ ಒಂಬತ್ತನೇ ತರಗತಿಗೆ ನಾನೇ ಹೋಗಿ ಶಬ್ದದ ಪಾಠ ಓದಿಸಿದೆ. ಬಾವಲಿ, ಜಲಾಂತರ್ಗಾಮಿ ಎಲ್ಲ ಆದಮೇಲೆ ಈ ಗುಳ್ಳೆಗಳ ಕಥೆಯನ್ನೂ ಹೇಳಿದೆ. ಗಂಡುಹುಡುಗರು ಗುಳ್ಳೆ ಹಾಡುತ್ತದೆ ಎಂಬಲ್ಲಿ ನಕ್ಕರು. ಗಂಟೆ ಹೊಡೆದು ಎಲ್ಲರೂ ಹೊರಗೆ ಓಡಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬಂದು ನಿಂತಳು. ಚೀಲದ ಪಟ್ಟಿ ತಿರುವುತ್ತ, "ಮಿಸ್, ನಮ್ಮಜ್ಜಿಗೆ ಕಂಕುಳಲ್ಲಿ ಗಂಟಿದೆ. ಯಾರಿಗೂ ಹೇಳಬೇಡ ಅಂದಿದಾರೆ" ಎಂದಳು.

ಆ ಸಂಜೆ ನಾನು ಅವಳ ಜತೆಗೇ ಅವರ ಮನೆಗೆ ನಡೆದೆ.